ಮೂರು ಬೆರಳು, ಒಂದು ಹೆಬ್ಬೆಟ್ಟು

ಮೂರನೆಯ ಸಲವೂ ವಿಭೂತಿ ಉದುರಿತು.

ಅಯ್ಯನವರು ಕೈ ಹಿಂದಕ್ಕೆ ತೆಗೆದುಕೊಳ್ಳುವುದಷ್ಟೇ ತಡ, ಅಂಬಮ್ಮನ ಹಣೆಯ ಮೇಲೆ ಎಳೆದ ಮೂರು ಬಿಳಿ ಗೆರೆಗಳು ಬಿರುಕು ಬಿಟ್ಟು ಮೂಗಿನ ಮೇಲೆ, ಗಲ್ಲದ ಮೇಲೆ, ಮಡಿಲಿಗೆ ಹಾಕಿದ್ದ ಬಿಲ್ವಪತ್ರಿಯ ಮೇಲೆ ಪುಡಿಪುಡಿಯಾಗಿ ಬಿದ್ದವು. ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದ ಅಂಬಮ್ಮ ಮಾತ್ರ, ಇದೆಲ್ಲ ಬೇರೆ ಯಾರದೋ ಮನೆಯ ಗಡಿಬಿಡಿ ಎಂಬಂತೆ ಕಣ್ಣು ಮುಚ್ಚಿಕೊಂಡಿದ್ದಳು. ಭಜನೆಯವರ ತಾಳ ಒಂದು ಗಳಿಗೆ ತಪ್ಪಿ ಮತ್ತೆ ಸರಿಯಾಯಿತು.

"ನೀರು ಜಾಸ್ತಿ ಆಗ್ಯಾವೇನೋ," ಅಂದರು ಅಯ್ಯನವರು. ನಲವತ್ತು ವರ್ಷದಿಂದ ಬ್ರಹ್ಮಪುರದ ಸತ್ತವರ ಹಣೆಗಳನ್ನೆಲ್ಲ ಸಿಂಗರಿಸಿದ ಕೈ ಅದು. ಹೀಗೆ ಎಂದೂ ಆಗಿರಲಿಲ್ಲ.

"ನೀರಿಂದಲ್ರೀ ಅಯ್ಯನೋರ," ಹಿಂದಿನಿಂದ ಒಬ್ಬ ಮುದುಕಿ ದನಿ ತೆಗೆದಳು. "ಜೀವದಾಗ ಏನೋ ಆಸೆ ಉಳದದ. ಅದಕ್ಕ ನಿಂದ್ರವಲ್ದು."

ಇಂಥ ಮಾತು ಸಾವಿನ ಮನೆಯಲ್ಲಿ ಒಮ್ಮೆ ಹೊರಗೆ ಬಿದ್ದರೆ ಅದನ್ನು ಹಿಡಿದು ಕಟ್ಟಿಹಾಕುವುದು ಯಾರಿಂದಲೂ ಆಗದು. ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಓಣಿಗೆ ಅದು ನಡೆದುಹೋಯಿತು. ಅಂಬಮ್ಮನ ಮಗ ವಿವೇಕಾನಂದ ಕೈಯಲ್ಲಿದ್ದ ಬಿಳಿ ಗಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಲೆಕ್ಕ ತಪ್ಪಿದರೆ ಎಲ್ಲೋ ಒಂದು ಮೆಟ್ಟಿಲು ಬಿಟ್ಟುಹೋಗಿದೆ ಎಂದು ನಂಬಿದವನು.

"ಹ್ಯಾಂಗ ಉದರ್ತದ? ಅವ್ವ ತನ್ನ ಕೈಲೆ, ತನಗಂತ ಮಾಡಿಟ್ಟಿದ್ದದ ಇದು. ಹೆಬ್ಬೆಟ್ಟ ಒತ್ತ್ಯಾಳ ನೋಡ್ರಿ."

ಅಂಬಮ್ಮ ಮೂವತ್ತು ವರ್ಷ ಮಾಳಿಗೆಯ ಮೇಲಿನ ತಗಡಿನ ಶೆಡ್ಡಿನಲ್ಲಿ ಸಗಣಿಯ ಕುಳ್ಳು ಸುಟ್ಟು, ಬೂದಿ ಸೋಸಿ, ವಿಭೂತಿ ಗಟ್ಟಿ ಮಾಡಿ ಮಾರಿದವಳು. ಬೆಳಗಾದರೆ ಓಣಿಯ ಅರ್ಧ ಹಣೆಗಳ ಮೇಲೆ ಅವಳ ಕೈಯ ಬೂದಿ ಕಾಣುತ್ತಿತ್ತು. 'ನಾ ಸತ್ತ ದಿನ ನನ್ನ ಹಣಿಗಿ ನಾ ಮಾಡಿದ್ದೇ ಹಚ್ಚಬೇಕು, ಪ್ಯಾಟಿದು ತಂದ್ರ ಎದ್ದು ಕೂಡ್ತೀನಿ' ಎಂದು ಅವಳು ಹೇಳಿದ್ದು ಎಲ್ಲರಿಗೂ ಗೊತ್ತು. ಅದಕ್ಕೇ ನಸುಕಿನಲ್ಲಿ ಜೀವ ಹೋದ ಕೂಡಲೇ ವಿವೇಕಾನಂದ ಶೆಡ್ಡಿನ ಬೀಗ ತೆಗೆದು ಹುಡುಕಿದ್ದ. ವಿಭೂತಿಯ ಹಲಗೆ ಖಾಲಿ ಇತ್ತು. ಮೂಲೆಯ ಬುಟ್ಟಿಯಲ್ಲಿ ಮಾತ್ರ ಹತ್ತಿಪ್ಪತ್ತು ಗಟ್ಟಿಗಳಿದ್ದವು, ಒಂದೊಂದರ ಮೇಲೂ ಹೆಬ್ಬೆಟ್ಟಿನ ಗುರುತು. ಅವುಗಳಲ್ಲಿ ಒಂದನ್ನು ಹಸಿರು ಬಟ್ಟೆಯಲ್ಲಿ ಬೇರೆಯಾಗಿ ಸುತ್ತಿಟ್ಟಿದ್ದಳು. ಅದು ಹಾಲಿನಷ್ಟು ಬೆಳ್ಳಗಿತ್ತು. ಅಕ್ಷರ ಬಾರದ ಅವ್ವ ತನ್ನ ಸಹಿ ಹಾಕಿ ತನಗೆಂದು ತೆಗೆದಿಟ್ಟಿದ್ದಾಳೆ ಎಂದು ಅವನು ಶೆಡ್ಡಿನಲ್ಲೇ ನಿಂತು ಅತ್ತಿದ್ದ.

ಹೊಸ್ತಿಲ ಬಳಿ ನಿಂತ ಎದುರು ಮನೆಯ ಜೀನತ್ ಆ ಹಸಿರು ಬಟ್ಟೆಯನ್ನು ನೋಡಿದಳು. ಅದು ಅವಳದೇ ಹಳೆಯ ದುಪಟ್ಟಾದ ಚೂರು. ಅದರೊಳಗಿದ್ದದ್ದು ವಿಭೂತಿಯಲ್ಲ, ಹೋದ ಬಕ್ರೀದಿನಂದು ಅವಳ ಅಂಗಳದ ಒಲೆಯಲ್ಲಿ ಬೆಂದು ಬೆಳ್ಳಗಾದ ಎಲುಬಿನ ಬೂದಿ.

* * *

ಬಕ್ರೀದಿನ ಮಾರನೆಯ ದಿನ ಅಂಬಮ್ಮ ಓಣಿ ದಾಟಿ ಎದುರು ಮನೆಯ ಜೀನತಳ ಅಂಗಳಕ್ಕೆ ಬಂದಿದ್ದಳು. ಬಂದವಳು ಆರಿದ ಒಲೆಯ ಮುಂದೆ ನಿಂತುಬಿಟ್ಟಳು.

"ಅದೇನು ಅಷ್ಟ ಬೆಳ್ಳಗ?"

"ಎಲುಬು, ಅಕ್ಕಾ. ನೋಡಬ್ಯಾಡ್ರಿ ನೀವು."

ಅಂಬಮ್ಮ ಸೆರಗಿನಿಂದ ಮೂಗು ಮುಚ್ಚಿ ಮುಖ ತಿರುವಿದಳು. ತಿರುವಿದ ಮುಖ ಬಹಳ ಹೊತ್ತು ಅಲ್ಲೇ ನಿಲ್ಲಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಮತ್ತೆ ಒಲೆಯ ಕಡೆಗೇ ಬಂತು.

"ಹಾಲಿನಂಗ ಅದಲ್ಲ ಜೀನತ್."

ಜೀನತಳಿಗೆ ಅರ್ಥವಾಗಿ ನಗು ಬಂತು, ಹೆದರಿಕೆಯೂ ಬಂತು. ಅಂಬಮ್ಮನ ಹುಚ್ಚು ಅವಳೊಬ್ಬಳಿಗೇ ಪೂರಾ ಗೊತ್ತಿತ್ತು. ಗಂಡ ತೀರಿದ ವರ್ಷ ಶುರುವಾದದ್ದು ಅದು. ಬೂದಿ ಸೋಸಿದ ನೀರು ಶಹಾಬಾದ್ ಫರಸಿ ಕಲ್ಲಿನ ಮೇಲೆ ಚೆಲ್ಲಿ ಒಣಗಿ, ಬೆಳಗಾಗುವುದರೊಳಗೆ ಗಂಡನ ಬಗ್ಗಿದ ಬೆನ್ನಿನಂಥ ಒಂದು ಆಕಾರ ಮೂಡಿತ್ತು. ಅಂಬಮ್ಮ ಅದನ್ನು ಒರೆಸಿದಳು. ಮರುದಿನ ತಾನೇ ಬೆರಳದ್ದಿ ಮತ್ತೆ ಬರೆದಳು. ಆಮೇಲೆ ಕೈ ಕಟ್ಟಿ ಕೂಡಲು ಅವಳಿಂದ ಆಗಲಿಲ್ಲ. ಏನು ಸಿಕ್ಕರೂ ಸುಟ್ಟು ನೋಡುತ್ತಿದ್ದಳು. ತೊಗರಿ ಕಟ್ಟಿಗೆ ಸುಟ್ಟರೆ ಪಾರಿವಾಳದ ಬೆನ್ನಿನ ಬಣ್ಣ, ಜೋಳದ ಹೊಟ್ಟು ಸುಟ್ಟರೆ ಕಾಡಿಗೆ, ಹುಣಸೆಯ ಕೊರಡು ಸುಟ್ಟರೆ ಮಜ್ಜಿಗೆ. ಕಮಲಾಪುರದಿಂದ ಮೈದುನ ಮರೆಪ್ಪ ಕೆಂಬಾಳೆಯ ಗೊನೆ ಕಳಿಸಿದರೆ, 'ಹಣ್ಣು ನೀವು ತಿನ್ರಿ, ನನಗ ದಿಂಡು ಕಳಸ್ರಿ' ಅನ್ನುತ್ತಿದ್ದಳು. ಆ ದಿಂಡಿನ ಬೂದಿಯಲ್ಲಿ ತುಸು ಕೆಂಪು ಇರುತ್ತಿತ್ತು, ತುಟಿಗೆ ಅದೇ ಬೇಕು.

ಆದರೆ ಒಂದು ಕಟ್ಟುನಿಟ್ಟು. ಕುಳ್ಳಿನ ಬೂದಿಯನ್ನು ಚಿತ್ರಕ್ಕೆ ಮುಟ್ಟಿಸುತ್ತಿರಲಿಲ್ಲ. ವಿಭೂತಿಯ ಗಟ್ಟಿಗೆ ಮೂರು ಬೆರಳು ಒತ್ತುತ್ತಿದ್ದಳು, ಬಣ್ಣದ ಗಟ್ಟಿಗೆ ಹೆಬ್ಬೆಟ್ಟು. ಹಲಗೆಯೂ ಬೇರೆ, ಬುಟ್ಟಿಯೂ ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಮೊಳಕೈತನಕ ತೊಳೆದುಕೊಳ್ಳುತ್ತಿದ್ದಳು.

ಆಗ ಬರೆಯುತ್ತಿದ್ದದ್ದು ಜೀನತಳನ್ನೇ. ಒಂದು ಒಡೆದ ಫರಸಿಯ ಮೇಲೆ, ಬಾಯಿ ತೆರೆದು ನಗುವ ಜೀನತ್. ಗಲ್ಲ ಆಗಿತ್ತು, ತುಟಿ ಆಗಿತ್ತು, ಕೂದಲು ಆಗಿತ್ತು. ಹಲ್ಲು ಮಾತ್ರ ಒಂದು ವರ್ಷದಿಂದ ಬಾಕಿ.

"ವಿಭೂತಿನೇ ಬೆಳ್ಳಗದಲ್ಲ ಅಕ್ಕಾ, ಒಂದ್ ಚಿಟಿಕಿ ಹಾಕ್ರಿ," ಎಂದು ಜೀನತ್ ಹಿಂದೊಮ್ಮೆ ಅಂದಿದ್ದಳು.

"ದೇವರ ಬೂದಿಲೆ ನಿನ್ನ ಹಲ್ಲು ಬರೀಲೇನು? ಹುಚ್ಚಿ ಇದ್ದಿ ನೀ."

ಹೀಗಾಗಿ ಆ ಬಕ್ರೀದಿನ ಮಾರನೆಯ ದಿನ ಜೀನತಳೇ ಎಲುಬು ಕುಟ್ಟಿದಳು, ಅರೆದಳು, ನೀರಲ್ಲಿ ಕದಡಿ ತಿಳಿ ಬಸಿದಳು. ಅಂಬಮ್ಮ ಎರಡು ಮಾರು ದೂರ ಕೂತು ಹೇಳಿಕೊಟ್ಟಳು. ಮೂರನೆಯ ದಿನ ಒಣಗಿದ ಬಿಳುಪು ಕಂಡಾಗ ಅವಳಿಗೆ ತಡೆಯಲಾಗಲಿಲ್ಲ. ಎದ್ದು ಬಂದು ತಾನೇ ಗಟ್ಟಿ ಮಾಡಿ ಹೆಬ್ಬೆಟ್ಟು ಒತ್ತಿ, ಮನೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು. ಬೆರಳಿನಿಂದ ಫರಸಿಗೆ ಹಚ್ಚಿ ನೋಡಿದರೆ ಉದುರಿಹೋಯಿತು.

"ನಿನ್ನಂಗೇ ಅದ ಇದು. ಒಂದ್ ಕಡಿ ನಿಂದ್ರಂಗಿಲ್ಲ." ಜಾಲಿಯ ಅಂಟು ಎರಡು ಹನಿ ಹಾಕಿದ ಮೇಲೆ ನಿಂತಿತು. "ಕೆಮ್ಮು ಕಮ್ಮಿ ಆಗಲಿ, ನಿನಗ ಹಲ್ಲು ಇಡ್ತೀನಿ. ನಿನ್ನವು ಖರೇವು ಉದರೋದ್ರೊಳಗ ಇಡಬೇಕು."

ಕೆಮ್ಮು ಕಮ್ಮಿಯಾಗಲಿಲ್ಲ. ಎದೆಯಲ್ಲೆಲ್ಲ ಹೊಗೆ ಕೂತಿದೆ ಎಂದರು ಡಾಕ್ಟರು. ದೀಪಾವಳಿಯ ಹೊತ್ತಿಗೆ ವಿವೇಕಾನಂದ ಶೆಡ್ಡಿಗೆ ಬೀಗ ಹಾಕಿದ.

* * *

ಈಗ ಆ ಬೀಗದ ಕೈಯನ್ನೇ ವಿವೇಕಾನಂದ ಜೇಬಿನಿಂದ ತೆಗೆದ.

"ಕಡೀತನಕ ಕೀಲಿ ಕೊಡು ಅಂತಿದ್ಳು. ನಾ ಕೊಡಲಿಲ್ಲ. ಇದೇ ಇರಬೇಕು." ಅವನು ಬಗ್ಗಿ ಅವ್ವನ ಸೆರಗಿನ ತುದಿಗೆ ಕೀಲಿ ಕಟ್ಟಿದ. "ತಗೋ ಯವ್ವಾ. ತಪ್ಪಾಯ್ತು."

ಅಯ್ಯನವರು ನಾಲ್ಕನೆಯ ಸಲ ಹಚ್ಚಿದರು. ಮೊದಲು ಮೇಲಿನ ಗೆರೆ ಉದುರಿತು, ಆಮೇಲೆ ಕೆಳಗಿನದು.

ಆಮೇಲೆ ಆಳಿಗೊಂದು ತಪ್ಪೊಪ್ಪಿಗೆ, ಹರಕೆ ಶುರುವಾಯಿತು. ಸೊಸೆ ವಿದ್ಯಾವತಿ ಅತ್ತೆಯ ಕಿವಿಯ ಬಳಿ ಬಾಗಿ, ಹೊಗೆಯಿಂದ ಸೀರೆ ನಾರುತ್ತವೆ ಅಂದದ್ದಕ್ಕೆ ತಪ್ಪೊಪ್ಪಿಕೊಂಡಳು. ಕಮಲಾಪುರದಿಂದ ನಸುಕಿನಲ್ಲೇ ಬಂದಿದ್ದ ಮರೆಪ್ಪ, ಈ ಸಲದ ಮೊದಲ ಗೊನೆ ಮಠಕ್ಕೆ ಎಂದ. ಮರೆಪ್ಪ ಮಾತು ಕೊಡುವುದರಲ್ಲಿ ಧಾರಾಳಿ, ಗೊನೆ ಕೊಡುವುದರಲ್ಲಿ ಅಷ್ಟಕ್ಕಷ್ಟೇ. ಅವನ ಮಾತಿಗೂ ಗೆರೆ ನಿಲ್ಲಲಿಲ್ಲ.

ಜೀನತ್ ಕಾಲು ಸುಟ್ಟ ಬೆಕ್ಕಿನಂತೆ ಹೊಸ್ತಿಲಿಂದ ಅಂಗಳಕ್ಕೆ, ಅಂಗಳದಿಂದ ಹೊಸ್ತಿಲಿಗೆ ಓಡಾಡಿದಳು. ಅವಳ ಕೈಚೀಲದಲ್ಲಿ ಅತ್ತೆಯ ಕಾಲದ ಪಾನದಾನ ಇತ್ತು. ಅದರೊಳಗೆ ಅಂಬಮ್ಮನ ನಿಜವಾದ ಕಡೆಯ ವಿಭೂತಿ ಗಟ್ಟಿ. ಶೆಡ್ಡಿಗೆ ಬೀಗ ಬೀಳುವ ಮುಂಚಿನ ಕೊನೆಯ ಭಟ್ಟಿಯದು. ಗೋಡೆ ಹಿಡಿದು ಹಿಡಿದು ಓಣಿ ದಾಟಿ ಬಂದು ಅಂಬಮ್ಮ ಅದನ್ನು ಜೀನತಳ ಕೈಗೆ ಕೊಟ್ಟಿದ್ದಳು.

"ನಮ್ಮ ಮನ್ಯಾಗ ಇಟ್ರ ಉಳಿಯಂಗಿಲ್ಲ. ಕೂಸಿಗಿ ದೃಷ್ಟಿ ಆಗ್ಯದ ಅಂತ ಯಾರರ ಬಂದ್ರ ವಿದ್ಯಾ ಮುರದು ಕೊಟ್ಟುಬಿಡ್ತಾಳ. ನಾ ಹೋದ ದಿನ ನೀ ಕೊಡು."

"ನಾನಾ? ನನ್ನ ಕೈಲೆ ತಗೋತಾರೇನು ಅಕ್ಕಾ?"

"ನೀ ಕೊಡು. ತಗೋಳ್ಳೋದು ಬಿಡೋದು ಅವರ ಕೆಲಸ."

ಹೇಳುವುದು ಸುಲಭ. ಕೊಡಬೇಕೆಂದರೆ, ಹಣೆಯ ಮೇಲಿರುವುದನ್ನು ಯಾಕೆ ಒರೆಸಬೇಕು ಎಂದು ಹೇಳಬೇಕು. ಅದು ಎಲುಬು ಎಂದು ಬಾಯಿ ಬಿಟ್ಟರೆ, ಮೂವತ್ತು ವರ್ಷ ಅಂಬಮ್ಮನ ವಿಭೂತಿ ಹಚ್ಚಿದ ಹಣೆಗಳೆಲ್ಲ ಇವತ್ತು ಸಂಜೆಯೊಳಗೆ ತಿಕ್ಕಿ ತೊಳೆದುಕೊಳ್ಳುತ್ತವೆ. ಅವಳ ಹೆಸರು ಅವಳಿಗಿಂತ ಮೊದಲೇ ಮಣ್ಣಾಗುತ್ತದೆ. ಹೇಳದಿದ್ದರೆ, ದೇವರ ಬೂದಿಗೂ ಬಣ್ಣಕ್ಕೂ ನಡುವೆ ಮೊಳಕೈ ತೊಳೆಯುತ್ತಿದ್ದ ಹೆಂಗಸು ಹಣೆಗೆ ಕುರಿಯ ಎಲುಬು ಹಚ್ಚಿಕೊಂಡು ಶಿವನ ಮುಂದೆ ಹೋಗಿ ಕೂಡಬೇಕು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು ಜೀನತಳಿಗೆ. ಇನ್ನೊಂದು ದಾರಿಯೂ ಹೊಳೆಯದೆ ಇರಲಿಲ್ಲ: ಬಟ್ಟಲಿಗೆ ಎರಡು ಹನಿ ಜಾಲಿಯ ಅಂಟು ಬಿಟ್ಟರೆ ಸಾಕು, ಗೆರೆ ಕಚ್ಚಿ ನಿಲ್ಲುತ್ತದೆ, ಎಲ್ಲರ ಬಾಯಿಯೂ ಮುಚ್ಚುತ್ತದೆ. ಆ ವಿಚಾರ ಬಂದದ್ದಕ್ಕೇ ಅವಳು ತನ್ನ ಗಲ್ಲ ತಟ್ಟಿಕೊಂಡು ತೋಬಾ ಎಂದಳು.

ಧೈರ್ಯ ಮಾಡಿ ಒಳಗೆ ಬಂದಳು. "ವಿವೇಕಾ, ಬೇಟಾ, ಅಕ್ಕ ನನ್ನ ಬಲ್ಲಿ ಒಂದು..."

ಮರೆಪ್ಪ ನಡುವೆ ಬಂದ. ಅವಳೇನೋ ಅತ್ತರಿನ ಶೀಶೆ, ಹೂವಿನ ಚಾದರ ತಂದಿದ್ದಾಳೆಂದು ಅವನ ಲೆಕ್ಕ.

"ಜೀನತಬೀ, ನಿಮ್ಮ ಪ್ರೀತಿ ಭಾಳ ದೊಡ್ಡದು. ಖರೇ ಈ ಹೊತ್ತಿನ್ಯಾಗ ನಮ್ಮ ಪದ್ಧತಿ ಬ್ಯಾರೆ ಅದ. ನಿಮ್ಮ ಮನೀದು ಏನೂ ಬ್ಯಾಡ. ಮೊದಲ ಇಲ್ಲಿ ಇಷ್ಟ ತ್ರಾಸ ನಡದದ."

ಮಾತು ಮೆತ್ತಗೇ ಇತ್ತು. ಜೀನತ್ ಚೀಲವನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು.

* * *

ಮಣ್ಣು ಕಮಲಾಪುರದ ಹೊಲದಲ್ಲಿ, ಅಂಬಮ್ಮನ ಗಂಡನ ಪಕ್ಕದಲ್ಲಿ. ಹೂವಿನ ಗಾಡಿಯಲ್ಲಿ ಅಂಬಮ್ಮ ಕೂತುಕೊಂಡೇ ಹೊರಟಳು. ಹಿಂದೆ ಜೀನತಳ ಮಗ ಫುರ್ಕಾನನ ಟೆಂಪೋದಲ್ಲಿ ಓಣಿಯವರು. ಜೀನತ್ ಮುಂದೆ, ಮಗನ ಪಕ್ಕದ ಸೀಟಿನಲ್ಲಿ.

ಹುಮನಾಬಾದ್ ರಸ್ತೆಗೆ ಬಂದ ಮೇಲೆ ಫುರ್ಕಾನ್ ತಾಯಿಯ ಕಡೆ ಓರೆಗಣ್ಣಿನಲ್ಲಿ ನೋಡಿದ. ಅವಳು ಚೀಲದ ಬಾಯಿ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು ನಡೆದೇ ಇತ್ತು.

"ಅಮ್ಮೀ, ಥೈಲೀ ಮೇ ಕ್ಯಾ ಹೈ?"

"ಅಮಾನತ್," ಅಂದಳು ಜೀನತ್. ಅಂಬಮ್ಮ ನಂಬಿ ಇಟ್ಟುಹೋದದ್ದು ಎಂದು, ಹಿಂದಿನವರಿಗೆ ಕೇಳದಂತೆ, ತಡೆತಡೆದು ಎಲ್ಲ ಹೇಳಿದಳು.

ಫುರ್ಕಾನ್ ಗಾಡಿಯನ್ನು ಮಹಾಗಾಂವ ಕ್ರಾಸ್ ದಾಟಿಸಿದ. ಆಮೇಲೆ, "ನಕ್ಕೋ ಅಮ್ಮೀ," ಅಂದ. "ಮಯ್ಯತ್ ಮೇ ಬಾತ್ ನಕ್ಕೋ ಬಡಾವ್. ಇದೇ ಟೆಂಪೋದಾಗ ಇವರನ್ನ ನಾನೇ ವಾಪಸ್ ಕರಕೊಂಡು ಹೋಗಬೇಕು. ನಾಳಿಗೂ ಇದೇ ಓಣ್ಯಾಗ ಇರಬೇಕು."

ಸಾವಿನಲ್ಲಿ ಮಾತು ಬೆಳೆಸಬೇಡ ಎಂಬ ಮಗನ ಮಾತು ಸುಳ್ಳಲ್ಲ. ಜೀನತಳಿಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ. ಕಿಟಕಿಯಾಚೆ ಕೊಯ್ಲಾದ ತೊಗರಿಯ ಹೊಲಗಳು ಓಡುತ್ತಿದ್ದವು. ಒಂದೆರಡು ಕಡೆ ಕಟ್ಟಿಗೆಗೆ ಬೆಂಕಿ ಹಾಕಿದ್ದರು. ಹೊಗೆ ಕಂಡರೆ ಬಸ್ಸು ನಿಲ್ಲಿಸಿ ಬೂದಿ ಕಟ್ಟಿಕೊಂಡು ಬರುವ ಹೆಂಗಸು ಮುಂದಿನ ಗಾಡಿಯಲ್ಲಿ ಸುಮ್ಮನೆ ಹೋಗುತ್ತಿದ್ದಳು. ಜೀನತಳಿಗೆ ಆ ದಿನ ಮೊದಲ ಸಲ ಅಳು ಬಂತು. ಬೆಳಗಿನಿಂದ ಚಿಂತೆಯ ಗಡಿಬಿಡಿಯಲ್ಲಿ ಅಳುವುದಕ್ಕೇ ಪುರಸೊತ್ತು ಸಿಕ್ಕಿರಲಿಲ್ಲ.

* * *

ಕೆಂಪು ಮಣ್ಣಿನಲ್ಲಿ ತೆಗೆದ ಕುಣಿ ಬಾಳೆಯ ತೋಟದ ಅಂಚಿಗಿತ್ತು. ಕೆಳಗೆ ಉಪ್ಪು ಹಾಸಿ, ಒಂದು ಮಗ್ಗುಲಲ್ಲಿ ಕೊರೆದ ಗೂಡಿನೊಳಗೆ ಅಂಬಮ್ಮನನ್ನು ಕೂಡಿಸಿದರು. ಅಂಗೈಯಲ್ಲಿ ಲಿಂಗ ಇಟ್ಟರು. ಗಾಡಿಯ ಕುಲುಕಾಟಕ್ಕೆ ಹಣೆ ಪೂರಾ ಬರಿದಾಗಿತ್ತು.

ವಿವೇಕಾನಂದ ಶೆಡ್ಡಿನಿಂದ ತಂದ ಬುಟ್ಟಿಯ ಗಟ್ಟಿಗಳನ್ನು ಒಂದೊಂದಾಗಿ ಕೊಟ್ಟ, ಅಯ್ಯನವರು ಅವಳ ಸುತ್ತ ಇಡುತ್ತ ಹೋದರು.

"ಇದೇನು ಒಂದೊಂದು ಒಂದೊಂದು ಬಣ್ಣ ಅದ?" ಅಂದರು. ಪಾರಿವಾಳದ ಬೆನ್ನು, ಕಾಡಿಗೆ, ಮಜ್ಜಿಗೆ, ಕೆಂಬಾಳೆಯ ಕೆಂಪು. ಜೀನತ್ ಒಂದೊಂದನ್ನೂ ಗುರುತು ಹಿಡಿದಳು. ಅವುಗಳ ಬಗ್ಗೆ ಅವಳಿಗೆ ಚಿಂತೆ ಇರಲಿಲ್ಲ. ಗಿಡದ ಬೂದಿ, ಗಿಡದ ಬುಡಕ್ಕೇ ಹೊರಟಿತ್ತು. ಅಂಬಮ್ಮ ತನ್ನ ಬಣ್ಣಗಳ ನಡುವೆ ಕೆಲಸಕ್ಕೆ ಕೂತವಳ ಹಾಗೆ ಕೂತಿದ್ದಳು.

ಅಯ್ಯನವರು ಕಡೆಯದಾಗಿ ಬಿಳಿ ಗಟ್ಟಿ ಕೇಳಿದರು. ನೀರಿನಲ್ಲಿ ಕಲಸಿ ಐದನೆಯ ಸಲ ಹಚ್ಚಿದರು. ಬಿಸಿಲಿಗೆ ಅದು ಇನ್ನೂ ಬೇಗ ಒಣಗಿ, ಎಲ್ಲರೂ ನೋಡನೋಡುತ್ತಿದ್ದಂತೆ ಉದುರಿತು.

ಆಗ ವಿವೇಕಾನಂದ ಕುಣಿಯ ಅಂಚಿಗೆ ಕುಸಿದು ಕೂತ. ತರಗತಿಯಲ್ಲಿ ಕೂಗಿ ಕೂಗಿ ಗಟ್ಟಿಯಾದ ಗಂಟಲು ಅವನದು, ಈಗ ಒಡೆದುಹೋಯಿತು.

"ನಾನೇ ಹೊಗೀ ನಿಂದ್ರಿಸಿದೆ, ನಾನೇ ಕೀಲಿ ಹಾಕಿದೆ. ನಾಲ್ಕ ತಿಂಗಳು ಆಕಿ ಮಾಳಿಗಿ ಕಡಿ ನೋಡಕೋತ ಮಲಗಿದ್ಳು. ಯಾರಿಗರ ಗೊತ್ತಿದ್ರ ಹೇಳ್ರೋ, ನಮ್ಮವ್ವಗ ಏನ್ ಬೇಕಾಗಿತ್ತು? ಬರೀ ಹಣೀಲೆ ಹ್ಯಾಂಗ ಕಳಸಲಿ ನಾ?"

ಜೀನತ್ ಟೆಂಪೋದ ಬಳಿ ನಿಂತ ಮಗನ ಕಡೆ ಒಮ್ಮೆ ನೋಡಿದಳು. ಅವನು ತಲೆ ಅಲ್ಲಾಡಿಸಿದ, ಬೇಡ ಎಂದು. ಅವಳು ಹೆಂಗಸರ ಗುಂಪಿನಿಂದ ಹೊರಗೆ ಬಂದು ಪಾನದಾನದ ಮುಚ್ಚಳ ತೆಗೆದಳು.

"ಇದು ಬೇಕಾಗಿತ್ತು ಬೇಟಾ."

ಎಲ್ಲರ ಕತ್ತು ಅವಳ ಕಡೆ ಹೊರಳಿತು.

"ಇದು ಅಕ್ಕ ತನಗಂತ ಮಾಡಿದ ವಿಭೂತಿ. ನನ್ನ ಬಲ್ಲಿ ಅಮಾನತ್ ಇಟ್ಟಿದ್ಳು. ಮುಂಜಾನಿಂದ ನನ್ನ ಕೈಯಾಗೇ ಅದ, ಕೊಡಲಿಕ್ಕ ಧೈರ್ಯ ಆಗಲಿಲ್ಲ. ಆ ಬಿಳೀದು ವಿಭೂತಿ ಅಲ್ಲ, ಬಣ್ಣ. ಮೂರು ಬೆರಳಿದ್ರ ದೇವರದು, ಹೆಬ್ಬೆಟ್ಟಿದ್ರ ಬಣ್ಣದ್ದು. ಆಕಿ ಹಾಂಗ ಬ್ಯಾರೆ ಮಾಡತಿದ್ಳು."

"ಬಣ್ಣ ಅಂದ್ರ?" ಮರೆಪ್ಪ ಮುಂದೆ ಬಂದ. "ಯಾತರ ಬಣ್ಣ?"

ಸತ್ತವರ ಮುಂದೆ ನಿಂತು ಸುಳ್ಳು ಹೇಳಬಾರದು ಎಂದು ಜೀನತಳಿಗೂ ಗೊತ್ತಿತ್ತು. "ಸುಣ್ಣದಂಥಾದ್ದು ಅಂತ ತಿಳ್ಕೋರಿ," ಅಂದಳು. ಅಲ್ಲಾಹ್ ಮಾಫ್ ಮಾಡಲಿ ಎಂದು ಒಳಗೇ ಅಂದುಕೊಂಡಳು.

"ಮತ್ತ ಇದು ಇಷ್ಟ ದಿನ ನಿಮ್ಮ ಮನ್ಯಾಗ ಇತ್ತು? ಎಲಿ ಅಡಿಕಿ ಡಬ್ಬ್ಯಾಗ?" ಮರೆಪ್ಪ ಸುತ್ತ ನಿಂತವರನ್ನೆಲ್ಲ ನೋಡಿದ. "ಇದು ಆಗ್ತದೇನ್ರಿ ಅಯ್ಯನೋರ? ಇದು ಅಂಬಮ್ಮಂದೇ ಅಂತ ಏನು ಖಾತ್ರಿ?"

ಅಯ್ಯನವರು ಕುಣಿಯೊಳಗಿಂದ ಕೈ ಮೇಲೆ ಚಾಚಿದರು. ಜೀನತ್ ಪಾನದಾನವನ್ನೇ ಬಗ್ಗಿಸಿ ಹಿಡಿದಳು, ಅವರೇ ತೆಗೆದುಕೊಳ್ಳಲಿ ಎಂದು. ಅವರು ಗಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಮೂರು ಬೆರಳಿನ ಗೆರೆಗಳು. ನಡುವಿನದು ಉಳಿದೆರಡಕ್ಕಿಂತ ಅರ್ಧ ಬೆರಳು ಕಮ್ಮಿ. ಇದೇ ಹೊಲಕ್ಕೆ ಸೊಸೆಯಾಗಿ ಬಂದ ವರ್ಷ, ದನಗಳ ಕಣಿಕಿ ಕತ್ತರಿಸುವ ಮಷೀನಿಗೆ ಅಂಬಮ್ಮನ ನಡುಬೆರಳಿನ ತುದಿ ಹೋಗಿತ್ತು.

"ಮರೆಪ್ಪ, ದಿನಾ ಮುಂಜಾನಿ ಇದನ್ನ ಕೈಯಾಗ ಹಿಡದವ ನಾನು," ಅಂದರು ಅಯ್ಯನವರು. "ನಡುವಿನ ಗೆರಿ ಗಿಡ್ಡ ಅದ. ಆಕಿದೇ." ಆಮೇಲೆ ತಾವೇ ನಾಚಿದವರಂತೆ, "ಮುಂಜಾನಿ ಆ ಬಿಳೀದನ್ನ ನೋಡ್ದಾಗ್ಲೇ ನನಗ ತಿಳೀಬೇಕಾಗಿತ್ತು. ಬೆಳ್ಳಗದ ಅಂತ ಮರುಳಾದೆ," ಎಂದರು.

ಮರೆಪ್ಪ ತುಟಿ ಕಚ್ಚಿದ. ಆ ಮಷೀನು ತಿರುಗಿಸುತ್ತಿದ್ದವನು ಅವನೇ. ಆಗವನಿಗೆ ಹದಿನಾರು ವರ್ಷ. ಅವನು ತಲೆಯ ರುಮಾಲು ಬಿಚ್ಚಿ ಕಣ್ಣಿಗೆ ಒತ್ತಿಕೊಂಡು ತೋಟದ ಕಡೆಗೆ ಮುಖ ಮಾಡಿ ನಿಂತ.

ವಿವೇಕಾನಂದ ಕುಣಿಗೆ ಇಳಿದ. ತನ್ನ ಟವಲಿನಿಂದ ಅವ್ವನ ಹಣೆಯನ್ನು ನಿಧಾನವಾಗಿ, ಒಂದು ಕಣವೂ ಉಳಿಯದಂತೆ ಒರೆಸಿದ. ಜೀನತ್ ಕೊಟ್ಟ ಗಟ್ಟಿಯನ್ನು ಅಂಗೈಯಲ್ಲಿ ತೇಯ್ದು ಮೂರು ಬೆರಳು ಹಚ್ಚಿ ಎಳೆದ. ಎಲ್ಲರೂ ಕಾದರು. ಗೆರೆಗಳು ಒಣಗಿ ತಿಳಿ ಬೂದು ಬಣ್ಣಕ್ಕೆ ತಿರುಗಿದವು, ಅಲುಗಲಿಲ್ಲ. ಹರಹರ ಮಹಾದೇವ ಎಂಬ ಕೂಗು ಎದ್ದಿತು.

ಅವನು ಉಳಿದ ಬಿಳಿ ಗಟ್ಟಿಯನ್ನೂ ಅವ್ವನ ಬಳಿಯೇ ಇಡಲು ಕೈಗೆತ್ತಿಕೊಂಡ.

"ಅದು ನನಗ ಕೊಡು ಬೇಟಾ," ಅಂದಳು ಜೀನತ್, ತುಸು ಅವಸರದಿಂದಲೇ.

"ಏನ್ಮಾಡ್ತೀರಿ ಖಾಲಾ?"

"ಒಂದು ಕೆಲಸ ಬಾಕಿ ಉಳದದ. ಆಕಿದು."

ವಿವೇಕಾನಂದ ಗಟ್ಟಿಯನ್ನು ಮೇಲೆ ಕೊಟ್ಟ. ಆಮೇಲೆ ಅವ್ವನ ಸೆರಗಿನ ಗಂಟು ಬಿಚ್ಚಿ, ಬೆಳಿಗ್ಗೆ ತಾನೇ ಕಟ್ಟಿದ್ದ ಕೀಲಿಯನ್ನೂ ತೆಗೆದು ಅವಳಿಗೇ ಕೊಟ್ಟ.

* * *

ವಾಪಸು ಬಂದಾಗ ಇನ್ನೂ ಬಿಸಿಲಿತ್ತು. ಅಂಬಮ್ಮ ಕೂತಿದ್ದ ಜಾಗದಲ್ಲಿ ವಿದ್ಯಾವತಿ ದೀಪ ಹಚ್ಚಿಟ್ಟಿದ್ದಳು. ಒಬ್ಬೊಬ್ಬರಾಗಿ ಮೈಮೇಲೆ ನೀರು ಹಾಕಿಕೊಂಡು ಬಂದು ದೀಪ ನೋಡಿ ಹೋಗುತ್ತಿದ್ದರು. ಜೀನತ್ ಮನೆಗೆ ಹೋಗಿ ಜಾಲಿಯ ಅಂಟು ನೆನೆಸಿ ತಂದು, ಮಾಳಿಗೆ ಹತ್ತಿ ಶೆಡ್ಡಿನ ಬೀಗ ತೆಗೆದಳು.

ಫರಸಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಅದನ್ನು ತಿರುಗಿಸುವಷ್ಟು ಶಕ್ತಿ ಅವಳ ತೋಳಿಗೆ ಇರಲಿಲ್ಲ. ಹಿಂದಿನಿಂದ ಎರಡು ಕೈ ಬಂದವು. ವಿವೇಕಾನಂದನ ತಲೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ಇಬ್ಬರೂ ಸೇರಿ ಕಲ್ಲನ್ನು ಬೆಳಕಿಗೆ ತಿರುಗಿಸಿದರು.

ಅವನು ಬಹಳ ಹೊತ್ತು ನೋಡಿದ.

"ಇದು ನೀವು."

"ಹೌ."

"ಅವ್ವ ಬರದಾಳ?"

"ಮತ್ತ್ಯಾರು? ನಾ ನಿಲ್ಲಲಾರದೆ ಎದ್ದು ಹೋದ್ರ ಬೈತಿದ್ಳು."

"ನಾ ಒಮ್ಮಿನೂ ನೋಡಲಿಲ್ಲ ಖಾಲಾ. ಬೂದಿ ಬಳಕೋತ ಕೂಡ್ತಾಳ ಅಂತ ತಿಳದಿದ್ದೆ." ಅವನು ಚಿತ್ರದ ಬಾಯನ್ನು ತೋರಿಸಿದ. ಅಲ್ಲಿ ಬರೀ ಕಲ್ಲಿನ ಕಪ್ಪು ಇತ್ತು. "ಇಲ್ಲಿ ಯಾಕ ಖಾಲಿ ಅದ?"

"ಹಲ್ಲು ಬಾಕಿ ಇದ್ವು. ಅದಕ್ಕೇ ಈ ಬಿಳೀದು."

"ಯಾತರದು ಇದು? ಸುಣ್ಣ ಅಲ್ಲ ಅಂತ ನನಗ ಗೊತ್ತದ. ಖರೇ ಹೇಳ್ರಿ."

ಜೀನತ್ ಬಟ್ಟಲು ಕೆಳಗಿಟ್ಟಳು. ಒಂದೇ ದಿನದಲ್ಲಿ ಎರಡನೆಯ ಸುಳ್ಳು ಹೇಳುವ ತ್ರಾಣ ಅವಳಲ್ಲಿ ಇರಲಿಲ್ಲ. "ನಮ್ಮ ಒಲೀದು. ಬಕ್ರೀದಿಂದು. ಎಲುಬು."

ವಿವೇಕಾನಂದ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಬೆಳಗಿನಿಂದ ಆ ಗಟ್ಟಿಯ ಅಂಚು ಮುರಿದು ಮುರಿದು ಕೊಟ್ಟ ಕೈಗಳು. ಅವನು ಹೊರಗೆ ಹೋದ. ಮೂಲೆಯ ನೀರಿನ ಡ್ರಮ್ಮಿನಲ್ಲಿ ತಂಬಿಗೆ ಮುಳುಗುವ ಸಪ್ಪಳ, ಕೈ ತೊಳೆಯುವ ಸಪ್ಪಳ ಕೇಳಿಸಿತು. ಒಂದು ತಂಬಿಗೆ, ಇನ್ನೊಂದು, ಮತ್ತೂ ಒಂದು. ಇನ್ನು ಅವನು ಕೆಳಗಿಳಿದು ಹೋಗುತ್ತಾನೆ, ನಾಳೆಯಿಂದ ಖಾಲಾ ಎಂದು ಕರೆಯುವುದಿಲ್ಲ ಎಂದು ಜೀನತ್ ಕಾದಳು.

ಅವನು ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಮೊಳಕೈತನಕ ತೊಯ್ದಿದ್ದ. ಅಂಟಿನ ಬಟ್ಟಲನ್ನು ಎತ್ತಿಕೊಂಡ.

"ಎಷ್ಟು ಹನಿ ಹಾಕಲಿ?"

"ಎರಡು."

ಅವನು ಎಣಿಸಿ ಎರಡು ಹನಿ ಹಾಕಿದ. ಜೀನತ್ ಗಟ್ಟಿಯ ಹೆಬ್ಬೆಟ್ಟಿನ ಗುರುತು ಅಳಿಯದಂತೆ ಅಂಚಿನಿಂದ ಒಂದಿಷ್ಟು ಕೆರೆದು ಕಲಸಿದಳು. ಅಂಬಮ್ಮನ ಜಜ್ಜಿದ ಬೇವಿನ ಕಡ್ಡಿಯನ್ನು ಹುಡುಕಿ ಅದ್ದಿದಳು. ಜೀವಮಾನದಲ್ಲಿ ಒಂದು ಗೆರೆ ಎಳೆದವಳಲ್ಲ ಅವಳು, ಕೈ ಅತ್ತ ಇತ್ತ ಹೋಗುತ್ತಿತ್ತು. ನಾಲಿಗೆಯಿಂದ ತನ್ನ ಬಾಯೊಳಗೆ ತಡವಿ ನೋಡಿಕೊಂಡಳು. ಮೇಲಿನ ಸಾಲಿನಲ್ಲಿ ಎಡಕ್ಕೆ, ಈ ಚಳಿಗಾಲದಲ್ಲಿ ಹಲ್ಲು ಬಿದ್ದ ಜಾಗ. ಚಿತ್ರದಲ್ಲಿ ಅದೇ ಜಾಗ ಹುಡುಕಿ ಒಂದು ಹಲ್ಲು ಇಟ್ಟಳು. ಬಾಯಿಯ ಕತ್ತಲೊಳಗೆ ಒಂದೇ ಒಂದು, ತುಸು ಸೊಟ್ಟ.

ಇಬ್ಬರೂ ಫರಸಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದು ಒಣಗುವ ತನಕ ನೋಡಿದರು. ಒಣಗಿದ ಮೇಲೆ ಜೀನತ್ ಬಗ್ಗಿ ಫೂ ಎಂದು ಊದಿದಳು. ಹಲ್ಲು ಅಲ್ಲೇ ಇತ್ತು.